ಬೇಲಿ ಪಕ್ಕದ ಬುಂಡೆಸ್‌ಲೀಗಾ: ಜರ್ಮನಿಗೆ ಹೋಗುವ ನಮ್ಮೂರಿನವರಿಗೆ

ಪ್ರತಿ ವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ ನಮ್ಮ ಮನೆಗೆ ಇಬ್ಬರೋ ಮೂವರೋ ಹುಡುಗ ಹುಡುಗಿಯರು ಬಂದೇ ಬರುತ್ತಾರೆ. ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಮುಗಿಸಿ ಎಂ.ಎಸ್. ಓದಲು ಜರ್ಮನಿಗೆ ಹೊರಟವರು. ನಾನು ಎಂಟು ವರ್ಷ ಕೊಲೋನ್‌ನಲ್ಲಿದ್ದು ತೀರ್ಥಹಳ್ಳಿಗೆ ವಾಪಸ್ ಬಂದವನು, ಹಾಗಾಗಿ ಯಾರೋ ಒಬ್ಬರು ಹೇಳಿ ಕಳಿಸುತ್ತಾರೆ. ಬಾಡಿಗೆ ಎಷ್ಟು, ಅಕ್ಕಿ ಎಲ್ಲಿ ಸಿಗುತ್ತೆ, ಚಳಿಗೆ ಎಂಥ ಜಾಕೆಟ್ ಬೇಕು, ಇದೆಲ್ಲ ಮುಗಿದ ಮೇಲೆ ಜಗಲಿಯಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ ಒಬ್ಬರಾದರೂ ಕೇಳುತ್ತಾರೆ: "ಅಣ್ಣಾ, ಅಲ್ಲಿ ಫುಟ್‌ಬಾಲ್ ನೋಡೋಕೆ ತುಂಬಾ ದುಡ್ಡು ಬೇಕಾ?"

ಬೇಡ. ಆದರೆ ಜಗಲಿಯಲ್ಲಿ ನಿಂತು ಒಂದು ಮಾತಿನಲ್ಲಿ ಹೇಳಿ ಕಳಿಸುವ ವಿಷಯ ಅಲ್ಲ ಅದು. ಅದಕ್ಕೇ ಬರೆಯುತ್ತಿದ್ದೇನೆ. ಈಗಾಗಲೇ ಅಲ್ಲಿರುವವರೂ ಓದಿಕೊಳ್ಳಿ. ಐದಾರು ವರ್ಷ ಅಲ್ಲೇ ಇದ್ದು ಒಂದು ದಿನವೂ ಮೈದಾನದ ಕಡೆ ತಲೆ ಹಾಕದವರು ನನಗೆ ಬೇಕಾದಷ್ಟು ಜನ ಗೊತ್ತು. ಬುಂಡೆಸ್‌ಲೀಗಾ ಅಂದರೆ ಜರ್ಮನಿಯ ಮೊದಲ ದರ್ಜೆಯ ಫುಟ್‌ಬಾಲ್ ಲೀಗ್. ಟಿ.ವಿ.ಯಲ್ಲಿ ಕಾಣುವ ಆ ಆಟ ದುಡ್ಡಿದ್ದವರಿಗೆ ಅಂತ ಅವರೇ ತೀರ್ಮಾನ ಮಾಡಿಕೊಂಡಿರುತ್ತಾರೆ.

ಮೊದಲು ಒಂದು ವಿಷಯ ಗೊತ್ತಿರಬೇಕು. ಅಲ್ಲಿ ಕ್ಲಬ್ ಅಂದರೆ ಮೂಲದಲ್ಲಿ ಕಂಪನಿ ಅಲ್ಲ, ಸಂಘ. ಫೆರೈನ್ ಅನ್ನುತ್ತಾರೆ. ನಮ್ಮ ಮ್ಯಾಮ್ಕೋಸ್ ಇದೆಯಲ್ಲ, ಅಡಿಕೆ ಬೆಳೆಗಾರರು ಷೇರು ಹಾಕಿ ಸದಸ್ಯರಾಗಿ, ವರ್ಷಕ್ಕೊಮ್ಮೆ ಮಹಾಸಭೆಗೆ ಹೋಗಿ ಲೆಕ್ಕ ಕೇಳುತ್ತಾರಲ್ಲ, ಹೆಚ್ಚುಕಮ್ಮಿ ಅದೇ ಥರ. ಬಹುಪಾಲು ಕ್ಲಬ್‌ಗಳಲ್ಲಿ ವರ್ಷಕ್ಕೆ ಇಷ್ಟು ಅಂತ ಕಟ್ಟಿದರೆ ಯಾರು ಬೇಕಾದರೂ ಸದಸ್ಯರಾಗಬಹುದು. ಬಯರ್ನ್ ಮ್ಯೂನಿಕ್‌ಗೆ 4 ಲಕ್ಷಕ್ಕೂ ಜಾಸ್ತಿ ಸದಸ್ಯರಿದ್ದಾರೆ. 1998ರಲ್ಲಿ ಕ್ಲಬ್‌ಗಳು ತಮ್ಮ ವೃತ್ತಿಪರ ತಂಡವನ್ನು ಕಂಪನಿ ಮಾಡಿಕೊಳ್ಳಬಹುದು ಅಂತಾಯಿತು. ಜೊತೆಗೇ ಒಂದು ಕಟ್ಟು ಹಾಕಿದರು: ಆ ಕಂಪನಿಯ ವೋಟಿನಲ್ಲಿ ಅರ್ಧದ ಮೇಲೆ ಒಂದಾದರೂ ಸಂಘದ ಕೈಯಲ್ಲೇ ಇರಬೇಕು. ಇದನ್ನು 50+1 ನಿಯಮ ಅನ್ನುತ್ತಾರೆ. ಬಾಯರ್ ಕಂಪನಿಯ ಲೆವರ್‌ಕುಸೆನ್, ಫೋಕ್ಸ್‌ವ್ಯಾಗನ್‌ನ ವುಲ್ಫ್ಸ್‌ಬರ್ಗ್ ತಂಡಗಳಿಗೆ ವಿನಾಯಿತಿ ಸಿಕ್ಕಿತ್ತು. ಲೈಪ್‌ಜಿಗ್‌ನಲ್ಲಿ ವೋಟು ಹಾಕುವ ಸದಸ್ಯರು ಬೆರಳೆಣಿಕೆಯಷ್ಟೇ, ಅದಕ್ಕೇ ಉಳಿದ ಊರಿನ ಅಭಿಮಾನಿಗಳಿಗೆ ಆ ಕ್ಲಬ್ ಕಂಡರೆ ಸಿಟ್ಟು. ಇಂಥವನ್ನು ಬಿಟ್ಟರೆ, ಹಣ ಹಾಕಿದವನು ಎಷ್ಟೇ ದೊಡ್ಡವನಾಗಿರಲಿ, ಕೊನೆಯ ಮಾತು ಸದಸ್ಯರದ್ದು.

ಮಹಾಸಭೆಯಲ್ಲಿ ಎದ್ದು ನಿಂತು ಕೇಳುವ ಜನ ಇರುವ ಕಡೆ ಟಿಕೆಟ್ ದರ ಸುಮ್ನೆ ಏರಿಸಲು ಆಗುವುದಿಲ್ಲ ಅಲ್ವಾ? ಇಂಗ್ಲೆಂಡಿನಲ್ಲಿ 1989ರಲ್ಲಿ ಹಿಲ್ಸ್‌ಬರೋ ಮೈದಾನದ ನಿಂತು ನೋಡುವ ಜಾಗದಲ್ಲಿ ನೂಕುನುಗ್ಗಲಾಗಿ 97 ಜನ ಸತ್ತರು. ಆಮೇಲೆ ಅಲ್ಲಿನ ದೊಡ್ಡ ಮೈದಾನಗಳಲ್ಲಿ ನಿಂತು ನೋಡುವ ಜಾಗವನ್ನೇ ತೆಗೆದು ಎಲ್ಲ ಕಡೆ ಕುರ್ಚಿ ಹಾಕಿದರು, ದರವೂ ಏರುತ್ತಾ ಹೋಯಿತು. ಜರ್ಮನಿಯಲ್ಲಿ ನಿಲ್ಲುವ ಜಾಗವನ್ನು ಸುರಕ್ಷಿತ ಮಾಡಿ ಉಳಿಸಿಕೊಂಡರು. ಡಾರ್ಟ್‌ಮುಂಡ್‌ನ ಮೈದಾನದಲ್ಲಿ ಒಟ್ಟು 81,000 ಜನ ಹಿಡಿಸುತ್ತಾರೆ, ಅದರ ದಕ್ಷಿಣ ಬದಿಯೊಂದರಲ್ಲೇ ಸುಮಾರು 25,000 ಜನ ನಿಂತು ನೋಡುತ್ತಾರೆ. ಶ್ಟೇಪ್ಲಾಟ್ಸ್ ಅನ್ನುವ ಈ ನಿಲ್ಲುವ ಜಾಗಕ್ಕೆ ಸಾಮಾನ್ಯವಾಗಿ 15ರಿಂದ 20 ಯೂರೋ ಆಸುಪಾಸು. ವಿದ್ಯಾರ್ಥಿ ಅಂತ ಗುರುತಿನ ಚೀಟಿ ತೋರಿಸಿದರೆ ಹಲವು ಕಡೆ ಇನ್ನೂ ಕಮ್ಮಿ. ಎರ್ಮೇಸಿಕ್ಟ್ ಅಂತ ಬರೆದಿದ್ದರೆ ಅದು ರಿಯಾಯಿತಿ ದರ, ಆ ಪದ ನೆನಪಿಟ್ಟುಕೊಳ್ಳಿ.

ಆದರೆ ನಾನು ಯಾರಿಗೂ ಮೊದಲು ಟಿಕೆಟ್ ತಗೊಳ್ಳಿ ಅನ್ನುವುದಿಲ್ಲ. ಮೊದಲು ಬೇಲಿ ಪಕ್ಕ ಹೋಗಿ ನಿಲ್ಲಿ.

ಓಫೆಂಟ್ಲಿಶೆಸ್ ಟ್ರೈನಿಂಗ್ ಅಂತ ಒಂದಿದೆ. ಸಾರ್ವಜನಿಕರಿಗೆ ತೆರೆದ ಅಭ್ಯಾಸ. ಹೆಚ್ಚಿನ ಕ್ಲಬ್‌ಗಳು ತಮ್ಮ ಜಾಲತಾಣದಲ್ಲಿ ಅಭ್ಯಾಸದ ವೇಳಾಪಟ್ಟಿ ಹಾಕುತ್ತವೆ. ದಿನದ ಮುಂದೆ ಓಫೆಂಟ್ಲಿಶ್ ಅಂತಿದ್ದರೆ ಹೋಗಬಹುದು, ನಿಖ್ಟ್ ಓಫೆಂಟ್ಲಿಶ್ ಅಂತಿದ್ದರೆ ಬಾಗಿಲು ಮುಚ್ಚಿದೆ ಅಂತ ಅರ್ಥ. ಹೆಚ್ಚಿನ ಕಡೆ ಪೂರ್ತಿ ಉಚಿತ. ಶನಿವಾರ ಪಂದ್ಯ ಇದ್ದರೆ ಗುರುವಾರ, ಶುಕ್ರವಾರ ಸಾಮಾನ್ಯವಾಗಿ ಮುಚ್ಚಿರುತ್ತಾರೆ, ಎದುರಾಳಿಗೆ ತಮ್ಮ ಲೆಕ್ಕಾಚಾರ ಗೊತ್ತಾಗಬಾರದು ಅಂತ. ವಾರದ ಮೊದಲ ದಿನಗಳು, ಶಾಲೆಗೆ ರಜೆ ಇರುವ ವಾರಗಳು ನಮಗೆ ಒಳ್ಳೆಯದು. ಎಲ್ಲಕ್ಕಿಂತ ಒಳ್ಳೆಯದು ಜುಲೈ, ಯಾಕೆಂದರೆ ಲೀಗ್ ಆಗಸ್ಟ್‌ನಿಂದ ಮೇವರೆಗೆ. ಜುಲೈನಲ್ಲಿ ಪಂದ್ಯದ ಒತ್ತಡ ಇರುವುದಿಲ್ಲ, ಮೈ ಹದಕ್ಕೆ ತರುವ ಕೆಲಸ ಮಾತ್ರ.

ನನ್ನ ಅಪ್ಪ ಬಂದಿದ್ದೂ ಜುಲೈನಲ್ಲೇ. ಎರಡನೇ ಸಲದ ಔಷಧಿ ಹೊಡೆಸುವ ಕೆಲಸವನ್ನು ಚಿಕ್ಕಪ್ಪನಿಗೆ ಒಪ್ಪಿಸಿ, ಅಡಿಕೆ ತೋಟಕ್ಕೆ ಕೊಳೆ ರೋಗ ಬಂದರೆ ಏನು ಗತಿ ಅನ್ನುತ್ತಲೇ ವಿಮಾನ ಹತ್ತಿದ್ದರು. ಕೊಲೋನ್‌ನ ದೊಡ್ಡ ಚರ್ಚು ನೋಡಿದರು, ರೈನ್ ನದಿಯಲ್ಲಿ ದೋಣಿ ಹತ್ತಿದರು. ನಾಲ್ಕನೇ ದಿನಕ್ಕೆ ಬೇಜಾರು ಶುರುವಾಯಿತು. ಐದನೇ ದಿನ ಬೆಳಿಗ್ಗೆ ಗೈಸ್‌ಬಾಕ್‌ಹೈಮ್‌ಗೆ ಕರೆದುಕೊಂಡು ಹೋದೆ. ಕೊಲೋನ್ ತಂಡ ಅಭ್ಯಾಸ ಮಾಡುವ ಜಾಗ ಅದು. ಟ್ರಾಮ್ ಇಳಿದು ಮರಗಳ ನಡುವೆ ಸ್ವಲ್ಪ ದೂರ ನಡೆಯಬೇಕು. ಆ ಹೆಸರಿನ ಅರ್ಥ ಹೋತದ ಮನೆ. 1950ರಲ್ಲಿ ಒಂದು ಸರ್ಕಸ್‌ನವರು ಕ್ಲಬ್‌ಗೆ ಹೋತ ಒಂದನ್ನು ಕೊಟ್ಟರು, ಅಂದಿನಿಂದ ಹೋತವೇ ತಂಡದ ಗುರುತು. ಒಂದಾದ ಮೇಲೆ ಒಂದು ಹೋತ ಬಂದರೂ ಎಲ್ಲಕ್ಕೂ ಹೆನ್ನೆಸ್ ಅಂತಲೇ ಹೆಸರು. ಅಪ್ಪನಿಗೆ ಮೊದಲು ಹಿಡಿಸಿದ್ದು ಇದು. "ದೊಡ್ಡ ಊರಿನವರು ಹೋತ ಸಾಕ್ತಾರಾ?" ಅಂತ ದಾರಿಯುದ್ದಕ್ಕೂ ಕೇಳಿದರು.

ಬೇಲಿ ಸೊಂಟದೆತ್ತರ. ಆಚೆ ಹತ್ತು ಹೆಜ್ಜೆ ದೂರದಲ್ಲಿ ಗೋಲ್‌ಕೀಪರ್ ಬೀಳುತ್ತಿದ್ದಾನೆ, ಏಳುತ್ತಿದ್ದಾನೆ. ಕೋಚ್ ಒಂದರ ಹಿಂದೆ ಒಂದು ಚೆಂಡು ಒದೆಯುತ್ತಿದ್ದಾರೆ. ಕೈಗವಸಿಗೆ ಚೆಂಡು ಬಡಿಯುವ ಸದ್ದು ಟಿ.ವಿ.ಯಲ್ಲಿ ನಾನು ಯಾವತ್ತೂ ಕೇಳಿರಲಿಲ್ಲ. ರಾತ್ರಿ ಹೊತ್ತು ಹಿತ್ತಲಲ್ಲಿ ಹಲಸಿನ ಹಣ್ಣು ಬಿದ್ದ ಹಾಗೆ, ಧಪ್ ಅಂತ. ಅಪ್ಪ ಆಟಗಾರರನ್ನು ಸ್ವಲ್ಪ ಹೊತ್ತು ನೋಡಿದರು, ಆಮೇಲೆ ಹುಲ್ಲನ್ನು ನೋಡತೊಡಗಿದರು. "ರಾತ್ರಿಯಿಡೀ ಮಳೆ ಬಂದಿದೆ. ಇಲ್ಲಿ ಒಂದು ಹನಿ ನಿಂತಿಲ್ಲ. ಬಸಿಗಾಲುವೆ ಎಲ್ಲಿದೆ?" ಅಂದರು. ಪಕ್ಕದಲ್ಲಿ ಫ್ಲಾಸ್ಕ್ ಹಿಡಿದು ನಿಂತಿದ್ದ ಊರಿನ ಹಿರಿಯರೊಬ್ಬರನ್ನು ಕೇಳಿದೆ. ಹುಲ್ಲಿನ ಕೆಳಗೆ ಮರಳಿನ ಪದರ, ಅದರ ಕೆಳಗೆ ತೂತು ಕೊರೆದ ಪೈಪು, ನೀರು ಅಲ್ಲಿಂದ ಹರಿದು ಹೋಗುತ್ತೆ ಅಂತ ಅವರು ಕೈ ಆಡಿಸಿ ಆಡಿಸಿ ತೋರಿಸಿದರು. ನಾನು ಕನ್ನಡಕ್ಕೆ ತರುವ ಮೊದಲೇ ಅಪ್ಪನಿಗೆ ಅರ್ಥವಾಗಿತ್ತು. ಅಡಿಕೆ ತೋಟದಲ್ಲಿ ಅರವತ್ತು ಮಳೆಗಾಲ ಕಂಡವರು.

ಅಭ್ಯಾಸ ಮುಗಿದ ಮೇಲೆ ಕೆಲವು ಆಟಗಾರರು ಬೇಲಿ ಹತ್ತಿರ ಬಂದು ಸಹಿ ಹಾಕಿದರು. ನಮ್ಮ ಹತ್ತಿರ ಜೆರ್ಸಿ ಇರಲಿಲ್ಲ, ಕಾಗದವೂ ಇರಲಿಲ್ಲ. ಅಪ್ಪ ಜೇಬಿನಿಂದ ತಮ್ಮ ಪುಟ್ಟ ಡೈರಿ ತೆಗೆದು ಮುಂದೆ ಹಿಡಿದರು. ರಾಶಿ, ಬೆಟ್ಟೆ, ಗೊರಬಲು ಅಂತ ಅಡಿಕೆ ಧಾರಣೆ ಬರೆದಿದ್ದ ಪುಟದ ಮೇಲೆ ಒಬ್ಬ ಚಿಕ್ಕ ವಯಸ್ಸಿನ ಆಟಗಾರ ಸಹಿ ಹಾಕಿ ಕೈ ಕುಲುಕಿ ಹೋದ. ಆ ಡೈರಿ ಈಗಲೂ ನಮ್ಮ ಮನೆಯಲ್ಲಿದೆ. ಆ ದಿನ ನಮಗಾದ ಖರ್ಚು ಟ್ರಾಮ್ ಮತ್ತು ಎರಡು ಕಾಫಿ.

ಶಿವಮೊಗ್ಗದ ನವುಲೆ ಕ್ರೀಡಾಂಗಣದಲ್ಲಿ ರಣಜಿ ಪಂದ್ಯ ನಡೆದಾಗ ಹೋದವರಿಗೆ ಇದರ ರುಚಿ ಗೊತ್ತಿರುತ್ತೆ. ನಾನು ಹೋದಾಗ ಯಾರೂ ದುಡ್ಡು ಕೇಳಲಿಲ್ಲ, ಬೌಂಡರಿ ಹಗ್ಗದ ಹತ್ತಿರವೇ ಕೂತಿದ್ದೆವು. ಆಟಗಾರ ನಮ್ಮ ಹಾಗೇ ಒಬ್ಬ ಮನುಷ್ಯ ಅಂತ ಅನ್ನಿಸುವುದು ಇಂಥ ಕಡೆ ಮಾತ್ರ.

ಎಲ್ಲ ಕ್ಲಬ್‌ಗಳೂ ಇಷ್ಟು ಸುಲಭ ಅಲ್ಲ. ಬಯರ್ನ್ ತಂಡ ಮ್ಯೂನಿಕ್‌ನ ಸೇಬೆನರ್ ಬೀದಿಯಲ್ಲಿ ಅಭ್ಯಾಸ ಮಾಡುತ್ತದೆ, ಯು1 ಮೆಟ್ರೋ ಹತ್ತಿ ವೆಟರ್‌ಸ್ಟೈನ್‌ಪ್ಲಾಟ್ಸ್‌ನಲ್ಲಿ ಇಳಿದು ನಡೆಯಬಹುದು. ಆದರೆ ಅಲ್ಲಿ ತೆರೆದ ದಿನಗಳು ವರ್ಷಕ್ಕೆ ಕೆಲವೇ. ಪ್ರಕಟಣೆ ನೋಡದೆ ಹೋದರೆ ಗೋಡೆ ನೋಡಿ ಬರಬೇಕು.

ಮ್ಯೂನಿಕ್ ಕಡೆ ಇರುವವರು ಅದರ ಬದಲು ಶಿಬಿರದ ಮೇಲೆ ಕಣ್ಣಿಡಿ. ಟ್ರೈನಿಂಗ್ಸ್‌ಲಾಗರ್ ಅನ್ನುತ್ತಾರೆ. ಜುಲೈನಲ್ಲಿ ತಂಡಗಳು ಬೆಟ್ಟದ ಕಡೆ ಹೋಗಿ ವಾರ ಹತ್ತು ದಿನ ಇರುತ್ತವೆ. ಬಯರ್ನ್ ತಂಡ ಟೇಗರ್ನ್‌ಸೇ ಸರೋವರದ ದಡದ ರೊಟಾಕ್-ಎಗೆರ್ನ್ ಅನ್ನುವ ಊರಿಗೆ ಹಲವು ಸಲ ಹೋಗಿದೆ. 2023ರಲ್ಲಿ ಆ ಊರಿನ ಹವ್ಯಾಸಿ ತಂಡದ ಮೇಲೆ ಆಡಿ 27-0 ಅಂತರದಲ್ಲಿ ಗೆದ್ದಿತು. ನಮ್ಮ ಕೊಪ್ಪದ ಹುಡುಗರ ಜೊತೆ ಭಾರತ ತಂಡ ಬಂದು ಆಡಿದ ಹಾಗೆ ಅಂದುಕೊಳ್ಳಿ. ಆಡಿದವರಿಗೆ ಜನ್ಮಪೂರ್ತಿ ನೆನಪು, ನೋಡಿದವರಿಗೂ ಅಷ್ಟೇ. ಮ್ಯೂನಿಕ್‌ನಿಂದ ಟೇಗರ್ನ್‌ಸೇಗೆ ರೈಲಿನಲ್ಲಿ ಒಂದು ಗಂಟೆ ಚಿಲ್ಲರೆ. ಬೇರೆ ಎಷ್ಟೋ ತಂಡಗಳು ಆಸ್ಟ್ರಿಯಾದ ಟಿರೋಲ್, ಸಾಲ್ಜ್‌ಬರ್ಗ್ ಕಡೆಯ ಹಳ್ಳಿಗಳಿಗೆ ಹೋಗುತ್ತವೆ. ಊರಿನಿಂದ ಬಂದ ಅಪ್ಪ ಅಮ್ಮನ ಹತ್ತಿರ ಶೆಂಗೆನ್ ವೀಸಾ ಇದ್ದರೆ ಅದರಲ್ಲೇ ಆಸ್ಟ್ರಿಯಾಕ್ಕೂ ಹೋಗಬಹುದು. ಹಿಂದೆ ಬೆಟ್ಟ, ಮುಂದೆ ಹಸಿರು, ನಡುವೆ ಮಂಜು. ಆಗುಂಬೆ ಕಡೆಯವರಿಗೆ ಮನೆಗೆ ಬಂದ ಹಾಗೆ ಆಗುತ್ತೆ.

ಇಂಥ ಸ್ನೇಹಪೂರ್ವಕ ಪಂದ್ಯಕ್ಕೆ ಟೆಸ್ಟ್‌ಶ್ಪೀಲ್ ಅಂತ ಹೆಸರು. ಜುಲೈಯಲ್ಲಿ ಸಣ್ಣ ಸಣ್ಣ ಊರುಗಳಲ್ಲಿ ಇವು ಬೇಕಾದಷ್ಟು ನಡೆಯುತ್ತವೆ. ಆಗಸ್ಟ್‌ನಲ್ಲಿ ಡಿ.ಎಫ್.ಬಿ. ಪೊಕಾಲ್ ಅನ್ನುವ ಕಪ್‌ನ ಮೊದಲ ಸುತ್ತು ಬರುತ್ತೆ. ಒಟ್ಟು 64 ತಂಡ. ಕೆಳಗಿನ ಹಂತದ ಹವ್ಯಾಸಿ ತಂಡಕ್ಕೆ ದೊಡ್ಡ ತಂಡ ಎದುರಾದರೆ ಪಂದ್ಯ ಸಣ್ಣವರ ಊರಿನಲ್ಲೇ. ನಿಮ್ಮ ವಿಶ್ವವಿದ್ಯಾಲಯ ಸಣ್ಣ ಊರಿನಲ್ಲಿದ್ದರೆ ಅದೇ ನಿಮ್ಮ ಅದೃಷ್ಟ.

ಇನ್ನು ಲೀಗ್ ಪಂದ್ಯದ ಟಿಕೆಟ್. ದರ ಕಮ್ಮಿ, ಆದರೆ ಸಿಗುವುದು ಕಷ್ಟ. ನಿಂತು ನೋಡುವ ಜಾಗದ ಬಹುಪಾಲು ವರ್ಷದ ಪಾಸ್ ಇರುವವರ ಕೈಯಲ್ಲಿರುತ್ತದೆ. ಉಳಿದದ್ದನ್ನು ಮೊದಲು ಸದಸ್ಯರಿಗೆ ಮಾರುತ್ತಾರೆ. ಹಾಗಾಗಿ ಎರಡು ವರ್ಷ ಒಂದೇ ಊರಿನಲ್ಲಿ ಇರುವವರು ಅಲ್ಲಿನ ಕ್ಲಬ್‌ಗೆ ಸದಸ್ಯರಾಗಿಬಿಡಿ. ಪಾಸ್ ಇದ್ದೂ ಬರಲಾಗದವರು ತಮ್ಮ ಜಾಗವನ್ನು ಕ್ಲಬ್‌ನ ಜಾಲತಾಣದಲ್ಲೇ ವಾಪಸ್ ಮಾರುತ್ತಾರೆ, ಅದಕ್ಕೆ ಟ್ಸ್ವೈಟ್‌ಮಾರ್ಕ್ಟ್ ಅನ್ನುತ್ತಾರೆ. ಪಂದ್ಯದ ಹಿಂದಿನ ದಿನ ರಾತ್ರಿ, ಪಂದ್ಯದ ದಿನ ಬೆಳಿಗ್ಗೆ ನೋಡುತ್ತಾ ಇದ್ದರೆ ಸಿಗುತ್ತೆ. ನನಗೆ ಹಾಗೆ ಎಷ್ಟೋ ಸಲ ಸಿಕ್ಕಿದೆ.

ಬೇರೆ ಕಡೆ ಮಾತ್ರ ತಗೊಳ್ಳಬೇಡಿ. ನಾನು ಹೋದ ಹೊಸದರಲ್ಲಿ ಮರುಮಾರಾಟದ ಒಂದು ಜಾಲತಾಣದಲ್ಲಿ ಎರಡು ಟಿಕೆಟ್‌ಗೆ 140 ಯೂರೋ ಕೊಟ್ಟೆ. ಗೇಟಿನಲ್ಲಿ ಕೆಂಪು ದೀಪ ಹತ್ತಿತು. ಕ್ಲಬ್‌ನವರು ಆ ಟಿಕೆಟ್ ರದ್ದು ಮಾಡಿದ್ದರು. ಒಳಗೆ ಜನ ಹಾಡುವುದು ಕೇಳುತ್ತಿತ್ತು, ನಾನೂ ಗೆಳೆಯನೂ ಚಳಿಯಲ್ಲಿ ಟ್ರಾಮ್‌ಗೆ ಕಾಯುತ್ತಾ ನಿಂತೆವು. ತಿಂಗಳಿಡೀ ಲೆಕ್ಕ ಹಾಕಿ ಬದುಕುವ ವಿದ್ಯಾರ್ಥಿಗೆ 140 ಯೂರೋ ಅಂದರೆ ಎಷ್ಟು ಅಂತ ನಿಮಗೆ ಗೊತ್ತು. ಆ ತಪ್ಪು ನಮ್ಮೂರಿನ ಇನ್ನೊಂದು ಮಗು ಮಾಡಬಾರದು.

ಬುಂಡೆಸ್‌ಲೀಗಾವೇ ಆಗಬೇಕು ಅಂತಿಲ್ಲ. ಮೇಲಿನ ಎರಡು ಹಂತದಲ್ಲಿ ತಲಾ 18 ತಂಡ, ಮೂರನೆಯದರಲ್ಲಿ 20, ಅದರ ಕೆಳಗೆ ಐದು ಪ್ರಾಂತ್ಯದ ಲೀಗ್‌ಗಳು. ಕೆಳಗಿನ ಹಂತಗಳಲ್ಲಿ ಎಷ್ಟೋ ಕಡೆ ಪಂದ್ಯದ ದಿನವೇ ಹೋಗಿ ಟಿಕೆಟ್ ತಗೊಳ್ಳಬಹುದು. ಹೆಣ್ಣುಮಕ್ಕಳ ಬುಂಡೆಸ್‌ಲೀಗಾ ಅಂತೂ ನೋಡಲೇಬೇಕು. ಆಟ ಚೆನ್ನಾಗಿರುತ್ತೆ, ದರ ಕಮ್ಮಿ, ಮುಗಿದ ಮೇಲೆ ಆಟಗಾರ್ತಿಯರು ಬೇಲಿ ಹತ್ತಿರ ಬಂದು ಮಾತಾಡುತ್ತಾರೆ. ಮಗಳನ್ನು ಕರೆದುಕೊಂಡು ಹೋಗಿ.

ಓಡಾಟಕ್ಕೆ ಡಾಯ್ಚ್‌ಲ್ಯಾಂಡ್ ಟಿಕೆಟ್ ಇದೆ. 2023ರ ಮೇನಲ್ಲಿ ತಿಂಗಳಿಗೆ 49 ಯೂರೋ ಅಂತ ಶುರುವಾಗಿದ್ದು 2025ಕ್ಕೆ 58 ಆಯಿತು, 2026ರ ಜನವರಿಯಿಂದ 63. ಊರಿನ ಟ್ರಾಮ್, ಬಸ್, ಪ್ರಾದೇಶಿಕ ರೈಲು ಎಲ್ಲಕ್ಕೂ ನಡೆಯುತ್ತೆ, ಐ.ಸಿ.ಇ., ಐ.ಸಿ. ಥರದ ದೂರ ಹೋಗುವ ವೇಗದ ರೈಲುಗಳಿಗೆ ಮಾತ್ರ ಇಲ್ಲ. ಕೆಲವು ಊರಲ್ಲಿ ಪಂದ್ಯದ ಟಿಕೆಟೇ ಟ್ರಾಮ್ ಟಿಕೆಟ್ ಕೂಡ ಹೌದು, ಮೇಲೆ ಏನು ಬರೆದಿದೆ ಅಂತ ಓದಿ. ಬ್ಯಾಗ್ ಸಾಮಾನ್ಯವಾಗಿ ಎ4 ಹಾಳೆಗಿಂತ ದೊಡ್ಡದಿರಬಾರದು. ಉದ್ದ ಕೊಡೆ ಒಳಗೆ ಬಿಡುವುದಿಲ್ಲ. ನಮಗೆ ಕೊಡೆ ಇಲ್ಲದೆ ಹೊರಗೆ ಕಾಲಿಡುವುದೇ ಕಷ್ಟ, ಆದರೂ ರೈನ್‌ಕೋಟ್ ಹಾಕಿಕೊಂಡು ಹೋಗಿ. ಕಾಫಿಯೋ ಜ್ಯೂಸೋ ತಗೊಂಡರೆ ಲೋಟಕ್ಕೆ ಠೇವಣಿ ಹಿಡಿಯುತ್ತಾರೆ, ಖಾಲಿ ಲೋಟ ಬಿಸಾಡದೆ ವಾಪಸ್ ಕೊಟ್ಟು ದುಡ್ಡು ತಗೊಳ್ಳಿ. ಮಾಂಸ ತಿನ್ನದವರಿಗೆ ಬ್ರೆಟ್ಸೆಲ್ ಅನ್ನುವ ಗಂಟು ಹಾಕಿದ ಬ್ರೆಡ್ಡು, ಆಲೂ ಫ್ರೈಸ್ ಸಿಗುತ್ತೆ.

ಈ ಸಲ ಅಕ್ಕ ಮತ್ತು ಭಾವ ಸಾಗರದಿಂದ ಹೊರಟಿದ್ದಾರೆ, ಮಗ ಬ್ರೆಮೆನ್‌ನಲ್ಲಿ ಓದುತ್ತಿದ್ದಾನೆ. ನಿನ್ನೆ ರಾತ್ರಿ ಫೋನ್ ಮಾಡಿದ್ದ. ಭಾನುವಾರ ಸಂಜೆ ಮುಂದಿನ ವಾರದ ವೇಳಾಪಟ್ಟಿ ನೋಡು, ಓಫೆಂಟ್ಲಿಶ್ ಅಂತಿರುವ ದಿನ ಗುರುತು ಹಾಕಿಕೋ, ಹೊರಡುವ ಮೊದಲು ಬೆಳಿಗ್ಗೆ ಇನ್ನೊಂದು ಸಲ ನೋಡು, ಕೊನೇ ಗಳಿಗೆಯಲ್ಲಿ ಬದಲಾಯಿಸುತ್ತಾರೆ ಅಂದೆ. ಅರ್ಧ ಗಂಟೆ ಮೊದಲೇ ಹೋದರೆ ಗೋಲ್‌ಕೀಪರ್ ಇರುವ ಕಡೆ ಬೇಲಿ ಪಕ್ಕ ಜಾಗ ಸಿಗುತ್ತೆ. ಭಾವನ ಜೇಬಿನಲ್ಲೂ ಒಂದು ಡೈರಿ ಇರುತ್ತೆ, ಒಂದು ಪೆನ್ನು ಮಾತ್ರ ನೆನಪು ಮಾಡಿ ತಗೊಂಡು ಹೋಗು ಅಂತ ಹೇಳಿದ್ದೇನೆ.