ಹಳೆ ವಜ್ರದೊಡವೆ: ಮೊದಲು ಬೆನ್ನು ನೋಡಬೇಕು

ಕಲಬುರಗಿಯ ಸರಾಫರ ಅಂಗಡಿಗೆ ದುರಸ್ತಿಗೆಂದು ಬರುವ ಹಳೆ ವಜ್ರದೊಡವೆಗಳಲ್ಲಿ ಕುಂದಣದ ಪದಕ, ಕಿವಿಯೋಲೆಗಳೇ ಹೆಚ್ಚು. ವಿಲಾಯತಿ ಮಾದರಿಯ ಉಂಗುರಗಳು ಆಗೀಗ. ಯಾವುದೇ ಇರಲಿ, ಮಗುಚಿ ಬೆನ್ನು ನೋಡಿದ ಮೇಲೇ ನಾನು ಮುಂದಿನ ಕೆಲಸ ಹಿಡಿಯುವುದು.

ಬೆನ್ನು ಮುಚ್ಚಿದ್ದರೆ ಹರಳಿನ ಕೆಳಗೆ ಬೇಗಡೆ, ಅಂದರೆ ಹೊಳೆಯುವ ತೆಳು ತಗಡು, ಅದರ ಕೆಳಗೆ ಅರಗು ಇರುತ್ತದೆ. ಇದರಲ್ಲಿ ಕೂರುವ ಪೋಲ್ಕಿ, ಅಂದರೆ ಪಟ್ಟೆ ಹೊಡೆಯದ ವಜ್ರದ ಹರಳು, ತೆಳ್ಳಗೆ, ಚಪ್ಪಟೆ. ಒಳಹೊಕ್ಕ ಬೆಳಕನ್ನು ತಿರುಗಿಸಿ ಕಳಿಸುವುದು ಬೇಗಡೆಯೇ. ಇಂಥ ಒಡವೆಯನ್ನು ಅಂಟುವಾಳದ ನೀರಲ್ಲಿ ನೆನೆಸಿದರೆ ತೇವ ಒಳಗಿಳಿದು ಬೆಳ್ಳಿ ಬೇಗಡೆ ಕಪ್ಪಾಗುತ್ತದೆ, ಹರಳು ಹೊಗೆ ಹಿಡಿದ ಲಾಟೀನು ಗಾಜಿನಂತೆ ಕಾಣುತ್ತದೆ. ‘ವಜ್ರ ಸತ್ತಿದೆ’ ಅನ್ನುತ್ತಾರೆ. ವಜ್ರಕ್ಕೆ ಏನೂ ಆಗಿರುವುದಿಲ್ಲ. ಅಲ್ಟ್ರಾಸಾನಿಕ್ ಯಂತ್ರಕ್ಕಂತೂ ಹಾಕಲೇಬಾರದು.

ಬೇಗಡೆ ಬದಲಿಸುವಾಗ ಮೊದಲು ಫೋಟೋ ತೆಗೆದು, ಬಿಚ್ಚಿದ ಹರಳುಗಳನ್ನು ಅದೇ ಸಾಲಿನಲ್ಲಿ ಮೇಣದ ಮೇಲೆ ಊರುತ್ತೇನೆ. ಹರಳು ಕೂರುವ ಪ್ರತಿ ಮನೆ ಅದರದೇ ಹರಳಿನ ಅಳತೆಗೆ ಕೊರೆದದ್ದು, ಅದಲುಬದಲಾದರೆ ಕೂರುವುದಿಲ್ಲ. ಹರಳನ್ನು ಸ್ಪಿರಿಟ್‌ನಿಂದ ಒರೆಸಿ, ಬೇಗಡೆಯನ್ನು ಚಿಮಟದಲ್ಲೇ ಹಿಡಿದು ಕೂರಿಸಬೇಕು. ಬೆರಳಚ್ಚು ಬಿದ್ದರೆ ಮೇಲಿನಿಂದಲೂ ಕಾಣುತ್ತದೆ. ಆಮೇಲೆ ಸುತ್ತ ಅಪರಂಜಿಯ ತೆಳು ಪಟ್ಟಿ ಇಟ್ಟು ಸಲಾಕೆಯಿಂದ ಒತ್ತುವುದು. 24 ಕ್ಯಾರೆಟ್ ಚಿನ್ನ ಬೆಂಕಿ ಇಲ್ಲದೆ ಪದರಕ್ಕೆ ಪದರ ಬೆಸೆದುಕೊಳ್ಳುತ್ತದೆ. 22 ಕ್ಯಾರೆಟ್ ಗಡಸು, ಬೆಸೆಯುವುದಿಲ್ಲ. ಅಪರಂಜಿಗೂ ಎಣ್ಣೆ ಪಸೆ ತಾಗಿದ್ದರೆ ನಾಲ್ಕು ದಿನಕ್ಕೆ ಎದ್ದು ಬರುತ್ತದೆ.

ಬೆನ್ನು ತೆರೆದಿದ್ದರೆ 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಸಣ್ಣ ಭೂತಗನ್ನಡಿ) ಹಿಡಿದು ಕಟ್, ಅಂದರೆ ಹರಳನ್ನು ಕತ್ತರಿಸಿದ ಬಗೆ, ನೋಡಬಹುದು. ಓಲ್ಡ್ ಮೈನ್ ಕಟ್ ದಿಂಬಿನಂತೆ ಮೂಲೆ ಉರುಟಿದ ಚೌಕ, ತಲೆ ಎತ್ತರ. ಕೆಳತುದಿ ಚಪ್ಪಟೆ ಕತ್ತರಿಸಿರುವುದರಿಂದ ಮೇಲಿನಿಂದ ನೋಡಿದರೆ ನಡುವೆ ತೂತಿನಂಥ ಚುಕ್ಕೆ. ಉರುಟಾದ ಓಲ್ಡ್ ಯುರೋಪಿಯನ್ ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿನದು. ಈಗಿನ ಉರುಟು ಬ್ರಿಲಿಯಂಟ್ ಕಟ್‌ನ ಲೆಕ್ಕಾಚಾರವನ್ನು ವಜ್ರ ಕತ್ತರಿಸುವ ಮನೆತನದ ಮಾರ್ಸೆಲ್ ಟೋಲ್ಕೋವ್ಸ್ಕಿ ಪ್ರಕಟಿಸಿದ್ದು 1919ರಲ್ಲಿ. ಆದರೆ ಹಳೆ ಹರಳು ಹೊಸ ಒಡವೆಗೆ ಬರುವುದು ಮಾಮೂಲಿ, ಹಾಗಾಗಿ ಲೋಹವನ್ನೂ ನೋಡಬೇಕು: ಚಿನ್ನದ ಬೆನ್ನು, ಬೆಳ್ಳಿಯ ಮುಖ ಇದ್ದರೆ ಸಾಮಾನ್ಯವಾಗಿ ಪ್ಲಾಟಿನಂ ಬಳಕೆಗೆ ಬರುವ ಮುಂಚಿನದು.

ಶಾಖ ಪರೀಕ್ಷಕವೊಂದನ್ನೇ ನಂಬಿ ಕೂರುವಂತಿಲ್ಲ, ಪ್ರಯೋಗಾಲಯದಲ್ಲಿ ತಯಾರಾಗುವ, ವಜ್ರದಂತೆ ಕಾಣುವ ಮೊಯ್ಸನೈಟ್ ಹರಳನ್ನೂ ಅದು ವಜ್ರ ಅನ್ನುತ್ತದೆ. ಲೂಪ್‌ನಲ್ಲಿ ಓರೆಯಾಗಿ ನೋಡಿದರೆ ಮೊಯ್ಸನೈಟಿನ ಹಿಂದಿನ ಅಂಚುಗಳು ಜೋಡಿಯಾಗಿ ಕಾಣುತ್ತವೆ. ಹಳೆ ಒಡವೆಯಲ್ಲಿ ಅದು ಸಿಕ್ಕರೆ ಹರಳು ಇತ್ತೀಚೆಗೆ ಬದಲಾಗಿದೆ ಎಂದರ್ಥ. ಇನ್ನು ‘ಗೋಲ್ಕೊಂಡ ವಜ್ರ’ ಎಂಬ ಮಾತು: ಕಣ್ಣಳತೆಯಲ್ಲಿ ಗಣಿ ಹೇಳುವವರಿಗೆ ನಾನು ಬೆಲೆ ಕೊಡುವುದಿಲ್ಲ.

ತೂಕದ ಜಗಳ ಬೇರೆ. 6.5 ಮಿ.ಮೀ. ಅಗಲದ ಈಗಿನ ಬ್ರಿಲಿಯಂಟ್ ಸುಮಾರು 1 ಕ್ಯಾರೆಟ್ (ಇಲ್ಲಿ ಕ್ಯಾರೆಟ್ ಅಂದರೆ ಹರಳಿನ ತೂಕ, ಚಿನ್ನದ ಶುದ್ಧತೆಯಲ್ಲ). ಅಷ್ಟೇ ಅಗಲದ, 2 ಮಿ.ಮೀ. ದಪ್ಪದ ರೋಸ್ ಕಟ್ (ಚಪ್ಪಟೆ ತಳ, ಗುಮ್ಮಟದ ತಲೆಯ ಹರಳು) ಅದಕ್ಕಿಂತ ಬಹಳ ಹಗುರ. ಬೆನ್ನು ಮುಚ್ಚಿದ ಒಡವೆಯಲ್ಲಿ ಹರಳಿನ ದಪ್ಪ ಅಳೆಯಲು ಬರುವುದಿಲ್ಲವಾದ್ದರಿಂದ, ಬಿಚ್ಚದೆ ತೂಕ ಬರೆದುಕೊಡುವುದಿಲ್ಲ.