ಜಿಪಿಯ ಮುಂದೆ ಬಾಯಿಗೆ ಬಾರದ ಮಾತು: ಹತೋಟಿ ತಪ್ಪಿದ ಲೈಂಗಿಕ ವರ್ತನೆಗೆ ಬ್ರಿಟನ್ನಿನಲ್ಲಿ ಚಿಕಿತ್ಸೆ

ಮಂಡಿ ನೋವಿಗೆ ಏನು ಮಾಡಬೇಕೆಂದು ಇಲ್ಲಿನ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೇಳಿದರೆ ಐದು ನಿಮಿಷದಲ್ಲಿ ಹತ್ತು ಸಲಹೆ ಬರುತ್ತವೆ. ರಾತ್ರಿ ಮೂರರವರೆಗೆ ಅಶ್ಲೀಲ ವಿಡಿಯೊ ನೋಡುತ್ತಾ ಕುಳಿತು ಬೆಳಿಗ್ಗೆ ಕೆಲಸ ಕೆಡಿಸಿಕೊಳ್ಳುತ್ತಿರುವವನು ಆ ಗುಂಪಿನಲ್ಲಿ ಬಾಯಿ ಬಿಡುವುದಿಲ್ಲ. ಅಂಥವರು ಹೋಗಬೇಕಾದ ದಾರಿಯನ್ನು ಇಲ್ಲಿ ಬರೆದಿದ್ದೇನೆ. ಗಂಡಸರಿಗಷ್ಟೇ ಅಲ್ಲ, ಈ ತೊಂದರೆ ಹೆಂಗಸರಿಗೂ ಉಂಟು.

ಮೊದಲು ಇದು ಕಾಯಿಲೆಯೋ ಅಲ್ಲವೋ ಎಂಬುದು ಇತ್ಯರ್ಥವಾಗಬೇಕು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ 11ನೆಯ ಆವೃತ್ತಿ 2022ರ ಜನವರಿ 1ರಿಂದ ಜಾರಿಯಲ್ಲಿದೆ. ಅದರಲ್ಲಿ ಈ ತೊಂದರೆಗೆ ಸ್ವಂತ ಹೆಸರಿದೆ. ಅದನ್ನು ಮದ್ಯ, ಜೂಜುಗಳ ಚಟದ ಸಾಲಿನಲ್ಲಿಡದೆ, ತುಡಿತವನ್ನು ತಡೆಯಲಾಗದ ತೊಂದರೆಗಳ ಸಾಲಿನಲ್ಲಿ ಇಟ್ಟಿದ್ದಾರೆ. ಆರು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ಹತೋಟಿ ತಪ್ಪಿರಬೇಕು. ಬಿಡಲು ಮತ್ತೆ ಮತ್ತೆ ಪ್ರಯತ್ನಿಸಿ ಸೋತಿರಬಹುದು. ಸಂಸಾರ, ಉದ್ಯೋಗ, ಆರೋಗ್ಯ ಕೆಡುತ್ತಿದ್ದರೂ, ಸುಖವೇ ಸಿಗದಿದ್ದರೂ ಮುಂದುವರಿಯುತ್ತಿರಬಹುದು. ಕಾಮಾಸಕ್ತಿ ಹೆಚ್ಚಿದ್ದ ಮಾತ್ರಕ್ಕೆ ಅದು ರೋಗವಲ್ಲ.

ಅದೇ ವ್ಯಾಖ್ಯೆಯ ಇನ್ನೊಂದು ಮಾತು ನಮ್ಮವರಿಗೆ ಬಹಳ ಮುಖ್ಯ. ‘ನಾನು ಮಾಡುತ್ತಿರುವುದು ತಪ್ಪು’ ಎಂಬ ನೈತಿಕ ಸಂಕಟವೊಂದೇ ಇದ್ದರೆ ಈ ರೋಗನಿರ್ಣಯ ಸಲ್ಲದು. ವಾರಕ್ಕೆರಡು ಸಲ ಹಸ್ತಮೈಥುನ ಮಾಡಿಕೊಂಡು, ಧಾತು ಹೋಯಿತು, ಶಕ್ತಿ ಹೋಯಿತು ಎಂದು ಕೊರಗುವ ಹುಡುಗರು ನಮ್ಮಲ್ಲಿ ಕಡಿಮೆಯಿಲ್ಲ. ವೀರ್ಯ ಹೋದರೆ ದೇಹ ಸೊರಗುವುದಿಲ್ಲ. ಅವರಿಗೆ ಬೇಕಾದದ್ದು ಆ ಭಯವನ್ನು ಬಿಡಿಸುವ ಮಾತು. ಇದನ್ನು ಒತ್ತಿ ಹೇಳಲು ಕಾರಣವಿದೆ: ‘ಸೆಕ್ಸ್ ಚಟ ಬಿಡಿಸುತ್ತೇವೆ’ ಎಂಬ ಖಾಸಗಿ ಜಾಹೀರಾತು ನೋಡಿ ನೇರವಾಗಿ ಹಣ ಕಟ್ಟಿದರೆ, ನಿಮಗಿರುವುದು ಕಾಯಿಲೆಯೋ ಪಾಪಪ್ರಜ್ಞೆಯೋ ಎಂದು ವಿಚಾರಿಸುವವರೇ ಸಿಗದೆ ಹೋಗಬಹುದು.

ಆದ್ದರಿಂದ ಮೊದಲ ಬಾಗಿಲು ಜಿಪಿಯದೇ, ಅಂದರೆ ನೀವು ನೋಂದಾಯಿಸಿಕೊಂಡಿರುವ ಸ್ಥಳೀಯ ವೈದ್ಯರದೇ. ಸಮಯ ಕೇಳುವಾಗ ರಿಸೆಪ್ಷನಿಸ್ಟ್ ಕಾರಣ ವಿಚಾರಿಸುತ್ತಾರೆ. ‘ವೈಯಕ್ತಿಕ ವಿಷಯ’ ಎಂದರೆ ಸಾಕು. ಗಂಡು ಅಥವಾ ಹೆಣ್ಣು ವೈದ್ಯರೇ ಬೇಕೆಂದು ಕೇಳಬಹುದು, ಸ್ವಲ್ಪ ಹೆಚ್ಚು ಸಮಯವನ್ನೂ ಕೇಳಬಹುದು. ಒಳಗೆ ಹೋದ ಮೇಲೆ ತಲೆನೋವಿನಿಂದ ಶುರುಮಾಡಿ ಎದ್ದು ಹೊರಡುವಾಗ ನಿಜ ಹೇಳುವುದು ನಮ್ಮ ಹಳೆಯ ಅಭ್ಯಾಸ, ಅಷ್ಟರಲ್ಲಿ ಸಮಯ ಮುಗಿದಿರುತ್ತದೆ. ಎಷ್ಟು ಕಾಲದಿಂದ, ದಿನಕ್ಕೆಷ್ಟು ಹೊತ್ತು, ಏನು ಹಾಳಾಗಿದೆ, ಬಿಡಲು ಎಷ್ಟು ಸಲ ನೋಡಿದಿರಿ ಎಂಬ ನಾಲ್ಕು ಸಾಲನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ನಾಲಿಗೆ ಹೊರಳದಿದ್ದರೆ ಚೀಟಿಯನ್ನೇ ಕೊಡಿ. ತೆಗೆದುಕೊಳ್ಳುತ್ತಿರುವ ಔಷಧಿಗಳನ್ನೂ ಹೇಳಿ. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಕೆಲವು ಮಾತ್ರೆಗಳಿಂದ ಇದೇ ವರ್ತನೆ ತಲೆದೋರುವುದುಂಟು. ಮನಸ್ಸು ವಿಪರೀತ ಏರಿಳಿಯುವ ಬೈಪೋಲಾರ್ ಕಾಯಿಲೆಯ ಉನ್ಮಾದದಲ್ಲಿಯೂ ಹೀಗಾಗುತ್ತದೆ. ಆಗ ಚಿಕಿತ್ಸೆಯ ದಾರಿಯೇ ಬೇರೆ.

ಗಂಡ ಹೆಂಡತಿ ಇಬ್ಬರೂ ಒಂದೇ ಜಿಪಿಯಲ್ಲಿ ನೋಂದಾಯಿಸಿದ್ದರೂ ಒಬ್ಬರ ಮಾತು ಇನ್ನೊಬ್ಬರಿಗೆ ಹೋಗುವುದಿಲ್ಲ, ಕಂಪನಿಗೂ ಹೋಗುವುದಿಲ್ಲ. ಮಗುವಿಗೋ ಮತ್ತೊಬ್ಬರಿಗೋ ಗಂಭೀರ ಅಪಾಯವಿದೆ ಎನಿಸಿದಾಗ ಅಥವಾ ಕಾನೂನು ಕೇಳಿದಾಗ ಮಾತ್ರ ವೈದ್ಯರು ಗುಟ್ಟು ಮುರಿಯಬಹುದು. ಆದರೆ ಗುಟ್ಟು ರಟ್ಟಾಗುವುದು ಹೆಚ್ಚಾಗಿ ನಿಮ್ಮದೇ ಮೊಬೈಲಿನಿಂದ. ಜಿಪಿ ಬರೆದ ಟಿಪ್ಪಣಿ ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಆ್ಯಪ್‌ನಲ್ಲಿ ಕಾಣಿಸಿಕೊಳ್ಳಬಹುದು. ಮನೆಯವರಿಗೆ ನಿಮ್ಮ ಫೋನಿನ ಪಿನ್ ಗೊತ್ತಿದ್ದರೆ, ಆ ಟಿಪ್ಪಣಿ ಆ್ಯಪ್‌ನಲ್ಲಿ ಕಾಣದಂತೆ ಮಾಡಿ ಎಂದು ಅಲ್ಲೇ ಕೇಳಿಕೊಳ್ಳಿ.

ಮುಂದೆ ಏನು ಸಿಗುತ್ತದೆ ಎಂಬುದು ನೀವಿರುವ ಊರಿನ ಮೇಲೆ ನಿಂತಿದೆ. ಕೆಲವೆಡೆ ಲೈಂಗಿಕ ಸಮಸ್ಯೆಗಳ ಆಪ್ತಸಮಾಲೋಚನೆ ಎನ್‌ಎಚ್‌ಎಸ್‌ನಲ್ಲೇ ಇದೆ, ಕೆಲವೆಡೆ ಇಲ್ಲ. ಇಂಗ್ಲೆಂಡಿನಲ್ಲಿ ಎನ್‌ಎಚ್‌ಎಸ್ ಟಾಕಿಂಗ್ ಥೆರಪೀಸ್‌ಗೆ ಜಿಪಿಯ ಚೀಟಿಯಿಲ್ಲದೆ ನೀವೇ ಅರ್ಜಿ ಹಾಕಬಹುದು. ಅದು ಆತಂಕ, ಖಿನ್ನತೆಗಳಿಗಾಗಿ ಇರುವ ಸೇವೆ. ಆದರೆ ಈ ವರ್ತನೆಯ ಬೆನ್ನಿಗೆ ಅವೆರಡರಲ್ಲಿ ಒಂದು ಇರುವುದು ಸಾಮಾನ್ಯ. ಕಳೆದ ಎರಡು ವಾರ ಹೇಗಿದ್ದಿರಿ ಎಂದು ಖಿನ್ನತೆಗೆ 9, ಆತಂಕಕ್ಕೆ 7 ಪ್ರಶ್ನೆ ಕೇಳುತ್ತಾರೆ. ‘ಎಲ್ಲ ಚೆನ್ನಾಗಿದೆ’ ಎಂದು ಶಿಷ್ಟಾಚಾರಕ್ಕೆ ಉತ್ತರಿಸಬೇಡಿ, ಚಿಕಿತ್ಸೆ ಕೊಡಬೇಕೇ ಎಂಬುದನ್ನು ತೀರ್ಮಾನಿಸಲು ಆ ಅಂಕಗಳನ್ನೂ ನೋಡುತ್ತಾರೆ. ಇಂಗ್ಲಿಷಿನಲ್ಲಿ ಮನಸ್ಸು ಬಿಚ್ಚಲಾಗದಿದ್ದರೆ ದುಭಾಷಿಯನ್ನು ಉಚಿತವಾಗಿ ಕೇಳಬಹುದು. ಮನೆಯವರನ್ನು ದುಭಾಷಿಯಾಗಿ ಕರೆದೊಯ್ಯಬೇಡಿ.

ಚಿಕಿತ್ಸೆಯ ತಿರುಳು ಮಾತುಕತೆಯೇ. ಯಾವ ಹೊತ್ತಿನಲ್ಲಿ, ಯಾವ ಬೇಸರಕ್ಕೆ, ಯಾವ ಒಂಟಿತನಕ್ಕೆ ಕೈ ಫೋನಿನತ್ತ ಹೋಗುತ್ತದೆ ಎಂದು ಗುರುತಿಸಿ ಆ ಸರಪಳಿಯನ್ನು ಒಂದೊಂದು ಕೊಂಡಿಯಾಗಿ ಬಿಡಿಸುತ್ತಾರೆ. ಕೆಲವರಿಗೆ ಖಿನ್ನತೆಗೆ ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳನ್ನೂ ಕೊಡುವುದುಂಟು; ಪರಿಣಾಮ ಕಾಣಲು ವಾರಗಳು ಬೇಕು, ನೀವಾಗಿಯೇ ಥಟ್ಟನೆ ನಿಲ್ಲಿಸುವಂತಿಲ್ಲ. ಇಂಗ್ಲೆಂಡಿನಲ್ಲಿ 2024ರ ಮೇ ತಿಂಗಳಲ್ಲಿ ಪ್ರತಿ ಔಷಧಿಗೆ 9.90 ಪೌಂಡ್ ನಿಗದಿಯಾಯಿತು. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡಿನಲ್ಲಿ ಔಷಧಿ ಉಚಿತ.

ಖಾಸಗಿಯಾಗಿ ಹೋಗುವುದೇ ಆದರೆ ಒಂದು ಎಚ್ಚರಿಕೆ. ಈ ದೇಶದಲ್ಲಿ ‘ಥೆರಪಿಸ್ಟ್’, ‘ಕೌನ್ಸೆಲರ್’ ಎಂಬ ಫಲಕವನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು, ಕಾನೂನಿನ ತಡೆಯಿಲ್ಲ. ‘ಕ್ಲಿನಿಕಲ್ ಸೈಕಾಲಜಿಸ್ಟ್’ ಎಂಬ ಹೆಸರಿಗಾದರೆ ಆರೋಗ್ಯ ವೃತ್ತಿಗಳ ಶಾಸನಬದ್ಧ ನಿಯಂತ್ರಣ ಸಂಸ್ಥೆಯಾದ ಎಚ್‌ಸಿಪಿಸಿಯ ನೋಂದಣಿ ಬೇಕು. ಲೈಂಗಿಕ ಚಿಕಿತ್ಸಕರಾದರೆ ಕಾಸರ್ಟ್ (COSRT) ಎಂಬ ವೃತ್ತಿಸಂಸ್ಥೆಯ ಪಟ್ಟಿಯಲ್ಲಿ, ಆಪ್ತಸಮಾಲೋಚಕರಾದರೆ ಬಿಎಸಿಪಿ ಎಂಬ ಅವರ ವೃತ್ತಿಸಂಸ್ಥೆಯ ಪಟ್ಟಿಯಲ್ಲಿ ಹೆಸರಿದೆಯೇ ನೋಡಿ.

ಹೊರಗೆ ಸಂಬಂಧಗಳೂ ಆಗಿದ್ದರೆ ಥೆರಪಿಗೆ ಕಾಯುತ್ತಾ ಕೂರಬೇಡಿ. ಎನ್‌ಎಚ್‌ಎಸ್‌ನ ಲೈಂಗಿಕ ಆರೋಗ್ಯ ಕ್ಲಿನಿಕ್‌ಗೆ ಜಿಪಿಯ ಪತ್ರ ಬೇಡ, ಸೋಂಕುಗಳ ಪರೀಕ್ಷೆ ಉಚಿತ, ನಿಜವಾದ ಹೆಸರನ್ನೂ ಕೊಡಬೇಕೆಂದಿಲ್ಲ. ನಿಮ್ಮ ಒಪ್ಪಿಗೆಯಿಲ್ಲದೆ ಫಲಿತಾಂಶವನ್ನು ಅವರು ಜಿಪಿಗೆ ಕಳುಹಿಸುವುದಿಲ್ಲ.