ಮಾವು ಹೋಗಿ ಮಾಮ ಆಗಿತ್ತು: ಚೌಕಗಳಿಂದ ನಾನು ಕಟ್ಟಿದ ಕನ್ನಡ ಫಾಂಟ್

ಬಸ್ಸಿನ ಹಣೆಯ ಮೇಲೆ ಎಲ್‌ಇಡಿ ಚುಕ್ಕಿಗಳಲ್ಲಿ ಊರಿನ ಹೆಸರು ಹರಿದು ಬರುತ್ತದಲ್ವಾ, ಆ ಅಕ್ಷರಗಳೆಂದರೆ ನನಗೆ ತುಂಬಾ ಇಷ್ಟ. ಪೋಸ್ಟರ್ ತಲೆಬರಹಕ್ಕೆ ಅದೇ ಥರ ಗಟ್ಟಿಯಾದ, ಹಳೇ ಯಂತ್ರದ ಕಳೆ ಇರುವ ಕನ್ನಡ ಫಾಂಟ್ ಬೇಕಿತ್ತು. ಹುಡುಕಿ ಸಾಕಾಗಿ, ಫಾಂಟ್ ತಯಾರಿಸುವ ತಂತ್ರಾಂಶ ಫಾಂಟ್‌ಫೋರ್ಜ್‌ನಲ್ಲಿ ನಾನೇ ಮಾಡಲು ಕೂತೆ.

ಮೊದಲು ಬರೀ ಚೌಕ. ನೆದರ್‌ಲೆಂಡ್ಸ್‌ನ ವಿನ್ಯಾಸಕ ವಿಮ್ ಕ್ರೌವೆಲ್ 1967ರಲ್ಲಿ ‘ನ್ಯೂ ಆಲ್ಫಾಬೆಟ್’ ಮಾಡಿದ್ದು ನೇರ ಗೆರೆಗಳಿಂದಲೇ, ಯಾಕೆಂದರೆ ಆಗಿನ ಪರದೆಗಳಲ್ಲಿ ತಿರುವುಗಳು ಸರಿಯಾಗಿ ಮೂಡುತ್ತಿರಲಿಲ್ಲ. ಕನ್ನಡಕ್ಕೆ ಅದು ಒಗ್ಗಲಿಲ್ಲ. ನಮ್ಮ ಲಿಪಿಯಲ್ಲಿ ದುಂಡಗೆ ಇರುವುದೇ ಜಾಸ್ತಿ, ಎಲ್ಲ ಅಕ್ಷರವೂ ಡಬ್ಬಿಯಂತೆ ಕಂಡವು. ಜರ್ಮನಿಯ ವಿನ್ಯಾಸ ಶಾಲೆ ಬೌಹೌಸ್‌ನ ಯೋಸೆಫ್ ಆಲ್ಬರ್ಸ್ 1920ರ ದಶಕದಲ್ಲಿ ಚೌಕ, ಕಾಲುವೃತ್ತ, ವೃತ್ತ ಈ ಮೂರರಿಂದಲೇ ಅಕ್ಷರ ಜೋಡಿಸಿದ್ದರು. ಅವರಿಂದ ಕಾಲುವೃತ್ತ ತೆಗೆದುಕೊಂಡೆ. ರ, ಠ, ಗ ಕೂಡಲೇ ಉಸಿರಾಡಿದವು.

ಒಂದು ತುಂಡು 60 ಯೂನಿಟ್ (ಫಾಂಟ್ ಒಳಗಿನ ಅಳತೆ). ಅಕ್ಷರದ ಮೈ 7 ಸಾಲು, ಗುಡಿಸಿಗೆ ಮೇಲೆ 3. ತಲೆಕಟ್ಟನ್ನು ಒಂದೇ ಸಲ ಬರೆದು ಎಲ್ಲದಕ್ಕೂ ರೆಫರೆನ್ಸ್ ಆಗಿ ಕೊಟ್ಟೆ, ಒಂದು ಕಡೆ ತಿದ್ದಿದರೆ ಎಲ್ಲ ಕಡೆ ಬದಲಾಗುತ್ತದೆ.

ಆಮೇಲೆ ಸುಮ್ನೆ ‘ಮಾವು’ ಅಂತ ಟೈಪ್ ಮಾಡಿದೆ. ‘ಮಾಮ’ ಅಂತ ಬಂತು! ವ ಪಕ್ಕ ಅದೇ ಸಾಲಿನಲ್ಲಿ ಕೊಂಬು ಇಟ್ಟರೆ ಅದು ಮ ಆಗಿಬಿಡುತ್ತದೆ. ಕೈಬರಹದಲ್ಲಿ ನಾವು ಕೊಂಬನ್ನು ಬುಡದಿಂದ ಕೆಳಗಿಳಿಸಿ ಮೇಲಕ್ಕೆ ಎಳೆಯುತ್ತೇವೆ, ಯೋಚನೆಯನ್ನೇ ಮಾಡದೆ. ಗ್ರಿಡ್‌ಗೆ ಅದನ್ನು ಹೇಳಿಕೊಡಬೇಕು. ಪು, ಫು, ವು ಮೂರಕ್ಕೂ ಒಂದು ಸಾಲು ಕೆಳಗಿಳಿಯುವ ಬೇರೆ ಕೊಂಬು ಬರೆದೆ.

ಜಾಸ್ತಿ ದಿನ ತಿಂದಿದ್ದು ಒತ್ತಕ್ಷರ. ಯೂನಿಕೋಡ್‌ನಲ್ಲಿ ಅದಕ್ಕೆ ಬೇರೆ ಸಂಕೇತ ಇಲ್ಲ. ಸ್ವರ ತೆಗೆಯುವ ಹಲಂತ (್) ಬಂದು, ಅದಾದ ಮೇಲೆ ವ್ಯಂಜನ ಬಂದಾಗ ಫಾಂಟ್ ಒಳಗಿನ ನಿಯಮವೇ ಒತ್ತನ್ನು ತಂದು ಕೂರಿಸಬೇಕು. ನಿಯಮ ಬರೆದಿದ್ದಾಯಿತು, ಆದರೆ ದೊಡ್ಡ ಅಕ್ಷರವನ್ನೇ ಅರ್ಧಕ್ಕೆ ಕುಗ್ಗಿಸಿದ್ದೆ. ಗೆರೆಯೂ ಅರ್ಧ ಸಣ್ಣದಾಗಿ, ‘ಅಕ್ಕ’ದ ಕೆಳಗೆ ಬೇರೆ ಯಾವುದೋ ಫಾಂಟ್ ಅಂಟಿಸಿದ ಹಾಗೆ ಕಾಣುತ್ತಿತ್ತು. ಅಷ್ಟನ್ನೂ ಅಳಿಸಿದೆ. ಅದೇ 60ರ ತುಂಡಿನಲ್ಲಿ, 5 ಸಾಲಿನೊಳಗೆ, ಪ್ರತಿ ಒತ್ತನ್ನೂ ಹೊಸದಾಗಿ ಕಟ್ಟಿದೆ. ತ, ಯ, ರ ಒತ್ತುಗಳು ಸಲೀಸಾಗಿ ಬಂದವು. ಣ ಮತ್ತು ಜ ಒಳಗೆ ಬೆಳಕಿಗೆ ಜಾಗವೇ ಸಿಗದೆ ಮತ್ತೆ ಮತ್ತೆ ಕಟ್ಟಬೇಕಾಯಿತು. ‘ರಾಷ್ಟ್ರ’ದಲ್ಲಿ ಎರಡು ಒತ್ತು ಒಂದರ ಕೆಳಗೊಂದು ಬಂದರೆ ಮುಂದಿನ ಸಾಲಿನ ಗುಡಿಸಿಗೆ ತಾಗುತ್ತಿತ್ತು, ಅದಕ್ಕೇ ರ ಒತ್ತನ್ನು ಬಲಕ್ಕೆ ಸರಿಸಿದೆ.

ಪಿಡಿಎಫ್ ತೆಗೆದಾಗ ತುಂಡು ತುಂಡಿನ ನಡುವೆ ಕೂದಲೆಳೆಯಷ್ಟು ಬಿಳಿ ಗೆರೆ, ಒಂದು ಕಡೆ ಇದೆ, ಒಂದು ಕಡೆ ಇಲ್ಲ. ಬೆಸೆದುಬಿಡಬಹುದಿತ್ತು. ನಾನು ಬೇಕಂತಲೇ ಎಲ್ಲ ಕಡೆ 8 ಯೂನಿಟ್ ಸಂದು ಬಿಟ್ಟೆ. ಆ ಸಂದಿನಿಂದಲೇ ಬಸ್ಸಿನ ಬೋರ್ಡಿನ ಕಳೆ ಬಂತು. 40 ಪಾಯಿಂಟ್‌ಗಿಂತ ಕೆಳಗೆ ಸಂದು ಮುಚ್ಚಿಹೋಗುತ್ತದೆ, ಹಾಗಾಗಿ ತಲೆಬರಹಕ್ಕೆ ಮಾತ್ರ ಬಳಸುತ್ತೇನೆ.